ಬೇರಿನ ಚೆಂಡು

ಶಾರ್ಬಾನಳ ಸೊಂಟ ನೆಟ್ಟಗಿದ್ದಿದ್ದರೆ ಅವಳೂ ಉಳಿದ ಹೆಂಗಸರ ಹಾಗೆ ಗುದ್ದಲಿ ಹಿಡಿದು ಹೊಲದಲ್ಲಿರುತ್ತಿದ್ದಳು. ಮದುವೆಯಾದ ವರ್ಷವೇ ಕುದುರೆಯಿಂದ ಬಿದ್ದು ಮುರಿದ ಸೊಂಟ ಓರೆಯಾಗಿಯೇ ಕೂಡಿಕೊಂಡಿತ್ತು. ಬಗ್ಗಿದರೆ ಏಳುವುದು ಕಷ್ಟ, ಎದ್ದರೆ ಬಗ್ಗುವುದು ಕಷ್ಟ. ಯುದ್ಧ ಶುರುವಾಗಿ ಗಂಡಸರೆಲ್ಲ ಹೊರಟುಹೋದ ಮೇಲೆ ತೆಕೆಸ್ ಕಣಿವೆಯ ಆ ಕಲ್ಖೋಜಿನಲ್ಲಿ, ಎಲ್ಲರೂ ಕೂಡಿ ಸರ್ಕಾರಕ್ಕೆಂದು ಬೆಳೆಯುವ ಆ ಊರಿನಲ್ಲಿ, ಸುಮ್ಮನೆ ಕೂತು ಉಣ್ಣುವವರಿಗೆ ಜಾಗವಿರಲಿಲ್ಲ. ಅವಳಿಗೆ ಕೂಸಿನ ಮನೆಯನ್ನು ಒಪ್ಪಿಸಿದರು. ಕೂಸಿನ ಮನೆಯೆಂದರೆ ಹೊಲದ ಬದಿಯಲ್ಲಿ ಹಾಕಿದ್ದ ಒಂದು ಹಳೆಯ ಉಣ್ಣೆಯ ಗುಡಾರ. ತಾಯಂದಿರು ಹೊಲಕ್ಕಿಳಿಯುವ ಮೊದಲು ಮಕ್ಕಳನ್ನು ಅಲ್ಲಿ ಬಿಟ್ಟು ಹೋಗುತ್ತಿದ್ದರು. ಅವಳ ಮಗಳು ಬಲ್ಜಾನಳೂ ಆ ಗುಂಪಿನಲ್ಲಿದ್ದಳು.

ಗುಡಾರಕ್ಕೆ ಕೂಗಳತೆಯಲ್ಲಿ ಕಾಲುವೆ. ಹಿಮ ಕರಗಿ ಬರುವ ನೀರು, ಕೈಯಿಟ್ಟರೆ ಮೂಳೆ ಕೊರೆಯುವಷ್ಟು ತಣ್ಣಗೆ. ಹಿಂದಿನ ಬೇಸಿಗೆಯಲ್ಲಿ ಬೇರೊಬ್ಬಳು ಮಕ್ಕಳನ್ನು ಕಾಯುತ್ತಿದ್ದಾಗ ಒಂದು ಹುಡುಗಿ ಆ ನೀರಿಗೆ ಬಿದ್ದು ಕೊಚ್ಚಿಹೋಗಿದ್ದಳು. ಶಾರ್ಬಾನಳಿಗೆ ಓಡಲಾಗದು. ಹಾಗಾಗಿ ಮಕ್ಕಳು ಗುಡಾರ ಬಿಟ್ಟು ಕದಲದ ಹಾಗೆ ಏನಾದರೂ ಮಾಡುತ್ತಲೇ ಇರಬೇಕಿತ್ತು. ಮೊದಲು ಅವಳು ಗಿರಣಿಯ ನೆಲ ಗುಡಿಸಿ ತಂದ ತೌಡಿಗೆ ಉಪ್ಪು ನೀರು ಹಾಕಿ ಕಲಸಿ, ಆ ಹಿಟ್ಟಿನಲ್ಲಿ ಕುದುರೆ, ಒಂಟೆ, ಕುರಿಮರಿ ಮಾಡಲು ಕಲಿಸಿದಳು. ಮಕ್ಕಳು ನಾಲಿಗೆ ಕಚ್ಚಿಕೊಂಡು ಕಿವಿ, ಬಾಲ ಎಲ್ಲ ತಿದ್ದಿದರು. ಅವಳು ಒಲೆಗೆ ಬೆರಣಿ ತರಲು ಹೋಗಿ ಬರುವಷ್ಟರಲ್ಲಿ ಇಡೀ ಹಿಂಡು ಖಾಲಿಯಾಗಿತ್ತು.

"ಎಲ್ರೋ ಕುದುರೆಗಳು?" ಎಂದು ಕೇಳಿದಳು.

"ತಿಂದ್ಬಿಟ್ವಿ ಅಪಾ," ಎಂದಳು ಬಲ್ಜಾನ್. ಊರಿನ ಮಕ್ಕಳೆಲ್ಲ ಹಿರಿಯ ಹೆಂಗಸರನ್ನು ಅಪಾ ಎಂದೇ ಕರೆಯುವುದು. ಗುಂಪಿನಲ್ಲಿದ್ದಾಗ ಮಗಳೂ ಹಾಗೆಯೇ ಕರೆಯುತ್ತಿದ್ದಳು. "ಒಂಟೆ ಜಾಸ್ತಿ ಉಪ್ಪಾಗಿತ್ತು."

ಅಂದಿನಿಂದ ಶಾರ್ಬಾನ್ ಹಿಟ್ಟು ಕಲಸಲಿಲ್ಲ. ಕಾಲುವೆಯ ದಂಡೆಯ ಜೇಡಿಮಣ್ಣು ತಂದು, ಅದಕ್ಕೆ ಕುರಿಯ ಕೂದಲು ಸೇರಿಸಿ ನಾದಿ ಕೊಡುತ್ತಿದ್ದಳು. ಮಣ್ಣಿನ ಕುದುರೆಯನ್ನು ಯಾರೂ ತಿನ್ನುವುದಿಲ್ಲ. ಆದರೆ ಅದು ಒಣಗುತ್ತಿತ್ತು, ಬಿರುಕು ಬಿಡುತ್ತಿತ್ತು, ಓಡಿಸಿದರೆ ಕಾಲು ಮುರಿಯುತ್ತಿತ್ತು. ಮಕ್ಕಳ ಕಣ್ಣು ಮತ್ತೆ ಕಾಲುವೆಯ ಕಡೆ ತಿರುಗುತ್ತಿತ್ತು.

ಹೊಲದಲ್ಲಿದ್ದದ್ದು ಗೋಧಿಯಲ್ಲ, ಬರಗೂ ಅಲ್ಲ. ಅದು ಕೊಕ್‌ಸಗಿಜ್ ಎಂಬ ಹಳದಿ ಹೂವಿನ ಗಿಡ. ನೆಲಕ್ಕೆ ಅಂಟಿಕೊಂಡು ಬೆಳೆಯುವ ಈ ಗಿಡದ ಬೇರು ಮುರಿದರೆ ಎರಡು ತುಂಡಿನ ನಡುವೆ ಬಿಳಿ ಎಳೆಗಳು ಜಗ್ಗುತ್ತವೆ. ಅದು ರಬ್ಬರು. ಶಾರ್ಬಾನ್ ಚಿಕ್ಕವಳಿದ್ದಾಗ ಅದು ಬೆಟ್ಟದಲ್ಲಿ ತಾನಾಗಿ ಬೆಳೆಯುತ್ತಿತ್ತು; ಕುರಿ ಕಾಯುವ ಮಕ್ಕಳು ಅಗೆದು, ಅಗಿದು, ಸಿಪ್ಪೆ ಉಗಿದು, ಉಳಿದ ಅಂಟನ್ನು ದಿನವಿಡೀ ಬಾಯಲ್ಲಿ ಆಡಿಸುತ್ತಿದ್ದರು. ಈಗ ಅದು ಸಾಲು ಹಿಡಿದು ಬೆಳೆಯುವ ಬೆಳೆ. ಯುದ್ಧದ ಗಾಡಿಗಳ ಚಕ್ರಕ್ಕೆ ಬೇಕಾದ ಬೆಳೆ. ಒಂದೊಂದು ಬೇರೂ ಸರ್ಕಾರದ್ದು.

ಸರ್ಕಾರದ್ದನ್ನು ಮುಟ್ಟಿದರೆ ಏನಾಗುತ್ತದೆಂದು ಊರಿಗೆ ಗೊತ್ತಿತ್ತು. ಹಿಂದಿನ ವರ್ಷ ಸುಗ್ಗಿ ಮುಗಿದ ಹೊಲದಲ್ಲಿ ಜುಪಾರ್ ಎಂಬವಳು ಬಿದ್ದ ಗೋಧಿ ತೆನೆಗಳನ್ನು ಆರಿಸಿ ಲಂಗದ ಮಡಿಲಿಗೆ ಹಾಕಿಕೊಂಡಿದ್ದಳು. ಯಾರೋ ಹೇಳಿಬಿಟ್ಟರು. ಅವಳನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೋದರು. ಅವಳ ಮಗ ಟೊಕ್ತಾರ್ ಗಾಡಿಯ ಹಿಂದೆ ಗಿರಣಿಯವರೆಗೂ ಓಡಿದ. ಅಲ್ಲಿಂದ ಅವನನ್ನು ಅಜ್ಜಿ ಉಲ್ಬೋಸಿನ್ ಎತ್ತಿಕೊಂಡು ಬಂದಳು. ಆಮೇಲೆ ಹುಡುಗ ಮಾತು ನಿಲ್ಲಿಸಿದ. ಕೂಸಿನ ಮನೆಯಲ್ಲಿ ಅವನು ಬಾಗಿಲ ಪಕ್ಕ ಕೂತು ಹೊರಗೆ ನೋಡುತ್ತಿದ್ದ. ಕೊಟ್ಟರೆ ಉಣ್ಣುತ್ತಿದ್ದ, ಹೇಳಿದರೆ ಮಲಗುತ್ತಿದ್ದ.

ಯಾರು ಹೇಳಿದರೆಂದು ಯಾರೂ ಬಾಯಿಬಿಟ್ಟು ಆಡಲಿಲ್ಲ. ಆದರೆ ಹೊಲದ ಮೇಸ್ತ್ರಿ ಕೈಶಾ ಬಂದಳೆಂದರೆ ಹೆಂಗಸರ ಮಾತು ತಟ್ಟನೆ ನಿಲ್ಲುತ್ತಿತ್ತು. ಕೈಶಾ ಎತ್ತರದ, ಒಣಕಲು ಹೆಂಗಸು. ಗಂಡ ಸತ್ತಿದ್ದ, ಇಬ್ಬರು ಗಂಡುಮಕ್ಕಳೂ ಯುದ್ಧದಲ್ಲಿದ್ದರು. ನಕ್ಕದ್ದನ್ನು ಕಂಡವರಿಲ್ಲ. ಅವಳ ನೆರಳು ಗುಡಾರದ ಮೇಲೆ ಬಿದ್ದರೂ ಶಾರ್ಬಾನ್ ಮಕ್ಕಳನ್ನು ಹತ್ತಿರ ಎಳೆದುಕೊಳ್ಳುತ್ತಿದ್ದಳು.

ಬೇರು ಅಗೆಯುವ ಕಾಲ ಬಂತು. ಅಗೆದ ಬೇರನ್ನು ಚಾಪೆಗಳ ಮೇಲೆ ಹರಡಿ ಒಣಗಿಸುತ್ತಿದ್ದರು, ಚಾಪೆಗಳು ಗುಡಾರದ ಹತ್ತಿರದವರೆಗೂ ಬರುತ್ತಿದ್ದವು. ಹಸಿದ ಮಕ್ಕಳ ಕೈ ಸುಮ್ಮನಿರುತ್ತದೆಯೇ? ಹೋಗಿ ಬರುವಾಗ ಒಂದೆರಡು ಎಳೆದುಕೊಂಡು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಶಾರ್ಬಾನ್ ಗದರಿಸುತ್ತಿದ್ದಳು, ಆದರೆ ಬಾಯಿ ಬಿಡಿಸಿ ತೆಗೆಯುತ್ತಿರಲಿಲ್ಲ. ಏನನ್ನಾದರೂ ಅಗಿಯುತ್ತಿದ್ದರೆ ಹೊಟ್ಟೆ ಸ್ವಲ್ಪ ಹೊತ್ತು ಸುಮ್ಮನಿರುತ್ತದೆಂದು ಅವಳಿಗೆ ಗೊತ್ತಿತ್ತು.

ಒಂದು ಮಧ್ಯಾಹ್ನ ಕೈಶಾ ಕುದುರೆಯಿಂದ ಇಳಿಯದೆ ಗುಡಾರದ ಬಾಗಿಲಿಗೆ ಬಂದು ನಿಂತಳು.

"ತೂಕ ಕಮ್ಮಿ ಬಂದಿದೆಯಂತೆ. ಜಿಲ್ಲೆಯಿಂದ ಅಧಿಕಾರಿ ಬರ್ತಾನೆ, ಯಾವತ್ತು ಅಂತ ಗೊತ್ತಿಲ್ಲ," ಎಂದಳು. ಮಕ್ಕಳ ಮೇಲೆ ಒಮ್ಮೆ ಕಣ್ಣಾಡಿಸಿದಳು. ಅಗಿಯುತ್ತಿದ್ದ ದವಡೆಗಳೆಲ್ಲ ನಿಂತವು. "ಇವುಗಳ ಬಾಯಿ ನೋಡ್ಕೋ," ಎಂದು ಹೇಳಿ ಕುದುರೆ ತಿರುಗಿಸಿದಳು.

ಅದು ಎಚ್ಚರಿಕೆಯೋ ಬೆದರಿಕೆಯೋ ಶಾರ್ಬಾನಳಿಗೆ ತಿಳಿಯಲಿಲ್ಲ. ಕೈಶಾ ಕಣ್ಮರೆಯಾದ ಕೂಡಲೇ ಅವಳು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ಬಾಯಿಗೂ ಬೆರಳು ಹಾಕಿ ಅಂಟು ತೆಗೆದಳು. ಒಲೆಗೆ ಹಾಕೋಣವೆಂದರೆ ಸುಟ್ಟ ರಬ್ಬರಿನ ವಾಸನೆ ಹೊಲದವರೆಗೂ ಹೋಗುತ್ತದೆ. ಅಲ್ಲಲ್ಲಿ ಎಸೆದರೆ ಮಕ್ಕಳೇ ಹುಡುಕಿ ತರುತ್ತಾರೆ. ಏನು ಮಾಡಲೂ ತೋಚದೆ ಎಲ್ಲವನ್ನೂ ಒಂದೇ ಮುದ್ದೆ ಮಾಡಿ, ಬಿಸಿನೀರಿನಲ್ಲಿ ಅದ್ದಿ, ಅಂಗೈಗಳ ನಡುವೆ ಒತ್ತಿ ಒತ್ತಿ ಉರುಟು ಮಾಡಿದಳು. ಉಂಡೆ ಜಾರಿ ಒಲೆಯ ಕಲ್ಲಿನ ಮೇಲೆ ಬಿತ್ತು.

ಬಿದ್ದದ್ದು ಅಲ್ಲೇ ನಿಲ್ಲಲಿಲ್ಲ. ಚಂಗನೆ ಎದ್ದು ಅವಳ ಮೊಣಕಾಲಿಗೆ ಬಡಿದು, ಮತ್ತೆ ಬಿದ್ದು, ಮತ್ತೆ ಎದ್ದು, ಬಾಗಿಲ ಬಳಿ ಕೂತಿದ್ದ ಟೊಕ್ತಾರನ ಎದೆಗೆ ಹೋಗಿ ಬಡಿಯಿತು.

ಹುಡುಗ ಬೆಚ್ಚಿಬಿದ್ದ. ಉಂಡೆಯನ್ನು ನೋಡಿದ, ಶಾರ್ಬಾನಳನ್ನು ನೋಡಿದ. ಆಮೇಲೆ ನಕ್ಕ. ಅದು ಗಂಟಲಲ್ಲಿ ತುಕ್ಕು ಹಿಡಿದಂಥ ನಗು, ಕೆಮ್ಮಿನ ಹಾಗೆ ಶುರುವಾಗಿ ಬಿಕ್ಕಳಿಕೆಯಲ್ಲಿ ಮುಗಿಯಿತು. ಉಳಿದ ಮಕ್ಕಳೂ ನಕ್ಕರು. ಉಂಡೆಯನ್ನು ಎಲ್ಲಿ ಹೂಳಬೇಕೆಂದು ಲೆಕ್ಕ ಹಾಕುತ್ತಿದ್ದ ಶಾರ್ಬಾನ್ ಹಾಗೇ ಕೂತುಬಿಟ್ಟಳು.

ಅಲ್ಲಿಗೇ ಬಿಟ್ಟಿದ್ದರೆ ಅದು ಮಕ್ಕಳ ಬಾಯಿಂದ ತೆಗೆದ ಅಂಟು ಎಂದಾದರೂ ಹೇಳಬಹುದಿತ್ತು. ಆದರೆ ಉಂಡೆ ಚಿಕ್ಕದು, ಮಕ್ಕಳು ಬಹಳ. ಎಲ್ಲರ ಕೈಗೂ ಸಿಗದೆ ಜಗಳವಾಯಿತು. ಮಾರನೆಯ ದಿನ ಅವಳು ತಾನೇ ಹೋಗಿ ಚಾಪೆಯ ಅಂಚಿನಿಂದ ಒಂದು ಬೊಗಸೆ ಬೇರು ಎತ್ತಿ ಲಂಗದ ಮಡಿಲಿಗೆ ಹಾಕಿಕೊಂಡಳು. ಹಾಕಿಕೊಂಡಾಗ ಜುಪಾರಳ ನೆನಪಾಯಿತು. ಅಲ್ಲೇ ಒಂದು ಗಳಿಗೆ ನಿಂತಳು, ಆದರೂ ಬೇರನ್ನು ಕೆಳಗೆ ಹಾಕಲಿಲ್ಲ.

ಮಕ್ಕಳು ಬೇರನ್ನು ಚೂರು ಚೂರು ಮುರಿದರು. ಬೂದಿ ಕಲಸಿದ ನೀರಿನಲ್ಲಿ ಕುದಿಸಿ, ಕಲ್ಲಿನ ಮೇಲೆ ಜಜ್ಜಿ, ತೊಳೆದು, ಮತ್ತೆ ಜಜ್ಜಿದರು. ಶಾರ್ಬಾನಳ ತಾಯಿ ಮಾಡುತ್ತಿದ್ದದ್ದೂ ಹೀಗೆಯೇ. ಸಿಪ್ಪೆ ನೀರಿನ ಜೊತೆ ಹೋಗಿ ಎಳೆಗಳು ಒಂದಕ್ಕೊಂದು ಅಂಟಿಕೊಂಡವು. ಬಲ್ಜಾನ್ ತೊಳೆದಳು, ಟೊಕ್ತಾರ್ ಜಜ್ಜಿದ. ಕಲ್ಲು ಅವನ ಕೈಗೆ ಭಾರವಾಗಿದ್ದರೂ ಬೇರೆ ಯಾರಿಗೂ ಕೊಡಲಿಲ್ಲ. ಬಿಸಿಯಿದ್ದಾಗಲೇ ಎಲ್ಲರೂ ಒಂದೊಂದು ಸಲ ಉರುಳಿಸಿದರು. ಕೊನೆಗೆ ಕೋಳಿಮೊಟ್ಟೆಗಿಂತ ದೊಡ್ಡದಾದ ಕಂದು ಬಣ್ಣದ ಚೆಂಡಾಯಿತು. ಅಲ್ಲಲ್ಲಿ ಬೆರಳಚ್ಚು ಉಳಿದಿತ್ತು. ಗುಡಾರದ ಹಿಂದಿನ ಚಪ್ಪಟೆ ಬಂಡೆಗೆ ಹೊಡೆದರೆ ಮಕ್ಕಳ ತಲೆಗಿಂತ ಮೇಲಕ್ಕೆ ಎಗರುತ್ತಿತ್ತು.

ಮಕ್ಕಳು ಕಾಲುವೆಯನ್ನು ಮರೆತೇಬಿಟ್ಟರು. ಟೊಕ್ತಾರ್ "ನಂದು" ಎಂದ, ಆಮೇಲೆ "ಕೊಡು" ಎಂದ, ಇನ್ನೊಂದು ದಿನ "ಅಪಾ, ನೋಡು" ಎಂದ. ಶಾರ್ಬಾನಳಿಗೆ ಮಾತ್ರ ನೆಮ್ಮದಿ ಹಾರಿಹೋಯಿತು. ಬಂಡೆಯ ಮೇಲೆ ಟಪ್ ಟಪ್ ಎಂಬ ಸದ್ದು ಕಣಿವೆಗೆಲ್ಲ ಕೇಳುತ್ತಿದೆ ಎನಿಸುತ್ತಿತ್ತು. ದೂರದಲ್ಲಿ ಸದ್ದಾದರೆ ಅದು ಚೆಂಡಿನದೋ ಕುದುರೆಯ ಗೊರಸಿನದೋ ತಿಳಿಯದೆ ಎದ್ದು ನಿಲ್ಲುತ್ತಿದ್ದಳು. ಸಂಜೆ ಚೆಂಡನ್ನು ತೌಡಿನ ಚೀಲದಲ್ಲಿ ಬಚ್ಚಿಟ್ಟು, ಹತ್ತು ಹೆಜ್ಜೆ ಹೋಗಿ, ಮರಳಿ ಬಂದು, ಬೇರೆ ಕಡೆ ಬಚ್ಚಿಡುತ್ತಿದ್ದಳು. ಇದರ ಸುದ್ದಿ ಮನೆಯಲ್ಲಿ ಹೇಳಬಾರದೆಂದು ಮಕ್ಕಳಿಂದ ಮಾತು ತೆಗೆದುಕೊಂಡಿದ್ದಳು. ಐದು ವರ್ಷದ ಮಕ್ಕಳ ಮಾತು ಎಷ್ಟು ದಿನ ನಿಲ್ಲುತ್ತದೆಂದೂ ಅವಳಿಗೆ ಗೊತ್ತಿತ್ತು.

ಮೊದಲು ಬಂದದ್ದು ಟೊಕ್ತಾರನ ಅಜ್ಜಿ ಉಲ್ಬೋಸಿನ್. ಮಗುವನ್ನು ಬಿಡುವ ನೆಪದಲ್ಲಿ ಒಳಗೆ ಬಂದು, ಬಾಗಿಲ ಪರದೆ ಇಳಿಸಿದಳು.

"ಹುಡುಗ ನಿದ್ದೇಲಿ ಮಾತಾಡ್ತಾನೆ ಕಣೇ. 'ಎಗರ್ತು, ಎಗರ್ತು' ಅಂತಾನೆ. ಏನು ಎಗರ್ತು ಅಂದ್ರೆ ಬಾಯಿ ಮುಚ್ಕೋತಾನೆ. ಏನ್ ಕೊಟ್ಟಿದೀಯ ಅವನಿಗೆ?"

ಶಾರ್ಬಾನ್ ಸುಳ್ಳು ಹೇಳಲಾರದೆ ಚೆಂಡು ತೋರಿಸಿದಳು. ಮುದುಕಿ ಅದನ್ನು ಮೂಸಿದಳು. ವಾಸನೆಯಿಂದಲೇ ಗೊತ್ತಾಯಿತು.

"ಅವನು ಮಾತಾಡ್ದ ಅಂತ ನಾನು ರಾತ್ರಿಯೆಲ್ಲ ಅತ್ತೆ. ದೇವ್ರು ನಿನ್ನನ್ನ ಚೆನ್ನಾಗಿಟ್ಟಿರ್ಲಿ," ಎಂದಳು. ಆಮೇಲೆ ಶಾರ್ಬಾನಳ ಮಣಿಕಟ್ಟು ಹಿಡಿದು, "ಆದ್ರೆ ಇದನ್ನ ಇವತ್ತೇ ಎಲ್ಲಾದ್ರೂ ಹಾಕ್ಬಿಡು ತಾಯಿ. ಅವನ ತಾಯಿ ಹೋದ್ಳು. ನೀನೂ ಹೋದ್ರೆ ಆ ಮಗು ಯಾರ ಮುಖ ನೋಡ್ಬೇಕು? ನಿನ್ನ ಮಗಳನ್ನ ಯಾರು ನೋಡ್ಕೋತಾರೆ, ನಾನಾ? ನಂಗೆ ಕಣ್ಣೇ ಕಾಣ್ಸಲ್ಲ," ಎಂದಳು.

ಆ ಮಧ್ಯಾಹ್ನ ಮಕ್ಕಳು ಮಲಗಿದ್ದಾಗ ಶಾರ್ಬಾನ್ ಚೆಂಡನ್ನು ಅಂಗಿಯ ತೋಳಿನೊಳಗೆ ಅಡಗಿಸಿಕೊಂಡು ಕಾಲುವೆಗೆ ಹೋದಳು. ಮುಳುಗಿಹೋಗಲಿ ಎಂದು ನೀರಿನ ನಡುವೆ ಎಸೆದಳು. ಚೆಂಡು ಒಂದು ಕ್ಷಣ ಒಳಗೆ ಹೋಗಿ, ಪುಳಕ್ಕನೆ ಮೇಲೆ ಬಂದು, ತೇಲಿಕೊಂಡು ಹೊರಟಿತು.

ರಬ್ಬರು ತೇಲುತ್ತದೆಂದು ಅವಳಿಗೆ ಹೊಳೆದಿರಲಿಲ್ಲ. ಕಾಲುವೆ ಹೋಗುವುದು ನೇರ ಹೊಲದ ನಡುವೆಯೇ, ಹೆಂಗಸರೆಲ್ಲ ಅಗೆಯುತ್ತಿದ್ದ ಕಡೆಗೇ. ಅವಳು ದಂಡೆಯ ಮೇಲೆ ಕುಂಟುತ್ತ ಬೆನ್ನಟ್ಟಿದಳು. ಸೊಂಟದಲ್ಲಿ ಚೂರಿ ಆಡಿಸಿದಂತೆ ನೋವು. ಚೆಂಡು ಒಮ್ಮೆ ಹುಲ್ಲಿಗೆ ಸಿಕ್ಕಿ ನಿಂತು, ಅವಳು ಕೈ ಚಾಚುವಷ್ಟರಲ್ಲಿ ಬಿಡಿಸಿಕೊಂಡು ಹೋಯಿತು. ಕಾಲುವೆ ತಿರುಗುವಲ್ಲಿ ಕೈಶಾ ಕುದುರೆಗೆ ನೀರು ಕುಡಿಸುತ್ತಿದ್ದಳು. ತೇಲಿ ಬಂದದ್ದು ಕುದುರೆಯ ಮೂತಿಗೆ ತಗುಲಿತು. ಕುದುರೆ ತಲೆ ಕೊಡವಿತು. ಕೈಶಾ ಬಗ್ಗಿ ಎತ್ತಿಕೊಂಡಳು.

ಇಬ್ಬರ ನಡುವೆ ಕೂಗಿದರೆ ಕೇಳುವಷ್ಟು ದೂರವಿತ್ತು. ಕೈಶಾ ಚೆಂಡನ್ನು ತಿರುಗಿಸಿ ನೋಡಿದಳು, ಬೆರಳಚ್ಚುಗಳ ಮೇಲೆ ಹೆಬ್ಬೆರಳು ಆಡಿಸಿದಳು. ಕಾಲ ಬಳಿಯ ಕಲ್ಲಿಗೆ ಒಮ್ಮೆ ಹೊಡೆದು, ಎಗರಿ ಬಂದದ್ದನ್ನು ಹಿಡಿದಳು. ಆಮೇಲೆ ಶಾರ್ಬಾನಳ ಕಡೆ ನೋಡಿದಳು. ಚೆಂಡನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ಕುದುರೆ ಹತ್ತಿ ಹೊರಟುಹೋದಳು.

ಶಾರ್ಬಾನ್ ಗುಡಾರಕ್ಕೆ ಹೇಗೆ ಮರಳಿದಳೋ ಅವಳಿಗೇ ಗೊತ್ತಿಲ್ಲ. ಆ ಸಂಜೆಯೇ ಕರೆದೊಯ್ಯಲು ಬರುತ್ತಾರೆಂದುಕೊಂಡಳು. ಯಾರೂ ಬರಲಿಲ್ಲ. ಮರುದಿನವೂ ಬರಲಿಲ್ಲ. ಕೈಶಾ ದಿನಾ ಗುಡಾರದ ಮುಂದೆ ಹಾದುಹೋಗುತ್ತಿದ್ದಳು, ಕತ್ತು ಕೂಡ ತಿರುಗಿಸುತ್ತಿರಲಿಲ್ಲ. ಬೈದಿದ್ದರೆ, ಹೆದರಿಸಿದ್ದರೆ, ಏನಾದರೂ ಕೇಳಿದ್ದರೆ ಇಷ್ಟು ಹಿಂಸೆಯಾಗುತ್ತಿರಲಿಲ್ಲ. ಶಾರ್ಬಾನ್ ಬಲ್ಜಾನಳ ಅಂಗಿಗಳನ್ನೆಲ್ಲ ತೊಳೆದು ಹೊಲಿದು ಗಂಟು ಕಟ್ಟಿಟ್ಟಳು. ಒಂದು ವೇಳೆ ತಾನು ಇಲ್ಲವಾದರೆ ಯಾರ ಮನೆಗೆ ಹೋಗಬೇಕೆಂದು ಮಗಳಿಗೆ ಆಟದ ಹಾಗೆ ಹೇಳಿಕೊಟ್ಟಳು. ಕೈಗೆ ಹತ್ತಿದ ಬೇರಿನ ಕಂದು ಕಲೆಯನ್ನು ಬೂದಿಯಿಂದ ತಿಕ್ಕಿ ತಿಕ್ಕಿ ಚರ್ಮ ಸುಲಿದುಹೋಗಿತ್ತು.

ಮಕ್ಕಳಿಗೆ ಇದೊಂದೂ ತಿಳಿಯದು. ಚೆಂಡು ಎಲ್ಲಿ ಎಂದು ಕೇಳಿದರು. ತೋಳ ಕಚ್ಚಿಕೊಂಡು ಹೋಯಿತೆಂದಳು. ಅವರು ಒಂದು ದಿನ ಅತ್ತು, ಆಮೇಲೆ ಜೇಡಿಮಣ್ಣಿನಲ್ಲೇ ಚೆಂಡು ಮಾಡಲು ಕೂತರು. ಮಣ್ಣಿನ ಚೆಂಡು ಎಗರುತ್ತದೆಯೇ? ಬಂಡೆಗೆ ಹೊಡೆದು ಒಡೆಯುವುದು, ಮತ್ತೆ ಮಾಡುವುದು. ಟೊಕ್ತಾರ್ ಪ್ರತಿ ಸಲವೂ ಈ ಸಲ ಎಗರಬಹುದೆಂಬಂತೆ ಕಾದು ನೋಡುತ್ತಿದ್ದ. ಬಂಡೆಯ ಸುತ್ತ ಉಂಡೆಗಳ ಚೂರುಗಳು ತುಂಬಿಕೊಂಡವು.

ಅಧಿಕಾರಿ ಬಂದದ್ದು ಒಂದು ಬೆಳಿಗ್ಗೆ, ಕೈಶಾಳ ಜೊತೆಯಲ್ಲಿ. ಅಬ್ದಿಲ್ದಿನ್ ಎಂದು ಹೆಸರು. ದುಂಡು ಮುಖದ, ಕೆಮ್ಮುವ, ದಣಿದಂತೆ ಕಾಣುವ ಮನುಷ್ಯ. ಗದರಲಿಲ್ಲ, ಮೆತ್ತಗೆ ಮಾತಾಡಿದ. ಅದರಿಂದ ಶಾರ್ಬಾನಳಿಗೆ ಇನ್ನಷ್ಟು ಹೆದರಿಕೆಯಾಯಿತು. ಅವನು ತೌಡಿನ ಚೀಲಕ್ಕೆ ಕೈ ಹಾಕಿದ, ಹಾಸು ಎತ್ತಿ ನೋಡಿದ, ಬೂದಿ ಕೆದಕಿದ. ಮಕ್ಕಳ ಬಾಯಿ ತೆಗೆಸಿ ನೋಡಿದ. ಬಾಯಿಗಳು ಖಾಲಿಯಿದ್ದವು. ಆಮೇಲೆ ಗುಡಾರದ ಹಿಂದೆ ಹೋದ. ಬೂಟಿನ ಕೆಳಗೆ ಮಣ್ಣಿನ ಚೂರು ಕರಕರ ಎಂದವು. ಅವನು ಬಗ್ಗಿ ಒಡೆಯದೆ ಉಳಿದ ಒಂದು ಉಂಡೆಯನ್ನು ಎತ್ತಿಕೊಂಡ.

"ಎಲ್ಲ ಉರುಟು ಉರುಟು. ಕುದುರೆ ಇಲ್ಲ, ಕುರಿ ಇಲ್ಲ. ಏನಪ್ಪಾ ಇದು?" ಎಂದು ಹತ್ತಿರ ನಿಂತಿದ್ದ ಟೊಕ್ತಾರನನ್ನು ಕೇಳಿದ. ಜೇಬಿನಿಂದ ಸಕ್ಕರೆ ಅಚ್ಚೊಂದನ್ನು ತೆಗೆದು ಅಂಗೈಯಲ್ಲಿ ಇಟ್ಟುಕೊಂಡ.

ಶಾರ್ಬಾನಳಿಗೆ ಬಲ್ಜಾನ್ ಬಾಯಿ ತೆರೆದದ್ದು ಕಂಡಿತು. ಮಗಳ ಭುಜ ಒತ್ತೋಣವೆಂದರೆ ಕೈ ಏಳಲಿಲ್ಲ. ಕೈಶಾ ಬೇಲಿಯ ಗೂಟದ ಹಾಗೆ ನಿಂತಿದ್ದಳು.

ಟೊಕ್ತಾರ್ ಸಕ್ಕರೆಯನ್ನು ನೋಡಿದ, ಬೂಟುಗಳನ್ನು ನೋಡಿದ. ತಾಯಿಯನ್ನು ಕರೆದೊಯ್ದವರ ಕಾಲಲ್ಲೂ ಅಂಥವೇ ಬೂಟುಗಳಿದ್ದವು.

"ಸೇಬು," ಎಂದ.

"ಸೇಬಾ? ಮತ್ತೆ ಒಡೆದುಹಾಕಿದೀರಲ್ಲ?"

"ತಿಂದ್ವಿ," ಎಂದ ಟೊಕ್ತಾರ್.

ಅಬ್ದಿಲ್ದಿನ್ ಉಂಡೆಯನ್ನು ಬಂಡೆಯ ಮೇಲೆ ಬಿಟ್ಟ. ಅದು ಒಡೆದು ಬಿತ್ತು. ಅವನು ಒಡೆದದ್ದನ್ನೇ ಸ್ವಲ್ಪ ಹೊತ್ತು ನೋಡಿದ. ಅವನಿಗೆ ಸಂಶಯ ಬಂದಿತ್ತೋ, ಮನೆಯಲ್ಲಿ ಅವನಿಗೂ ಮಕ್ಕಳಿದ್ದರೋ, ಬರಿಯ ದಣಿವೋ ಯಾರು ಬಲ್ಲರು? ಸಕ್ಕರೆಯನ್ನು ಹುಡುಗನ ಕೈಗಿಟ್ಟು, ಹಂಚಿಕೊಂಡು ತಿನ್ನಿ ಎಂದು ಹೇಳಿ, ಕುದುರೆಯ ಕಡೆ ನಡೆದ. ಕೈಶಾ ಅವನ ಹಿಂದೆ ಹೋದಳು.

ಅವರು ದಿಬ್ಬ ಹತ್ತಿ ಇಳಿದ ಮೇಲೆ ಶಾರ್ಬಾನ್ ಕೂತಳು. ಮತ್ತೆ ಏಳಲು ಬಲ್ಜಾನಳೂ ಟೊಕ್ತಾರನೂ ಕೈ ಹಿಡಿದು ಎಳೆಯಬೇಕಾಯಿತು.

ಕೈಶಾ ಮರುದಿನ ಒಬ್ಬಳೇ ಬಂದಳು. ಮೊದಲ ಸಲ ಕುದುರೆಯಿಂದ ಇಳಿದು ಒಳಗೆ ಬಂದು, ಹಾಸಿನ ಮೇಲೆ ಕೂತು, ಮಜ್ಜಿಗೆ ಕೇಳಿದಳು. ಕುಡಿದು ಬಟ್ಟಲು ಕೆಳಗಿಟ್ಟಳು.

"ಅದನ್ನ ಬೇರಿನ ಚೀಲಕ್ಕೆ ಹಾಕಿ ಬಾಯಿ ಹೊಲಿದ್ಬಿಟ್ಟೆ. ನಿನ್ನೆ ಅವನ ಕಣ್ಣೆದುರೇ ತೂಕ ಆಗಿ ಗಾಡಿ ಹತ್ತಿತು. ಅವರದ್ದು ಅವರಿಗೆ ಹೋಯ್ತು," ಎಂದಳು.

ಶಾರ್ಬಾನಳಿಗೆ ಅಳು ಬಂತು, ಜೊತೆಗೆ ಸಿಟ್ಟೂ ಬಂತು. "ಒಂದು ಮಾತು ಹೇಳಬಾರ್ದಿತ್ತಾ ಅಕ್ಕಾ? ಇಷ್ಟು ದಿನ ನಾನು ಸತ್ತು ಸತ್ತು ಬದುಕಿದೆ."

"ಹೇಳಿದ್ರೆ ನಿನ್ನ ಮುಖ ಹಗುರಾಗ್ತಿತ್ತು," ಎಂದಳು ಕೈಶಾ. "ಹೆದರಿದ ಮುಖ ಈಗ ಎಲ್ರಿಗೂ ಇದೆ, ಅವನಿಗೆ ನೋಡಿ ನೋಡಿ ಸಾಕಾಗಿದೆ. ನೆಮ್ಮದಿಯಾಗಿರೋ ಮುಖ ಒಂದು ಕಂಡಿದ್ರೆ ಅಲ್ಲೇ ನಿಂತ್ಕೊಂಡಿರ್ತಿದ್ದ."

ಏಳಲು ಹೊರಟವಳು ಏಳಲಿಲ್ಲ. ಹೊರಗೆ ಮಣ್ಣು ನಾದುತ್ತಿದ್ದ ಟೊಕ್ತಾರನನ್ನು ನೋಡುತ್ತ, ದನಿ ತಗ್ಗಿಸಿ ಹೇಳಿದಳು: ಜುಪಾರಳ ವಿಷಯ ಹೇಳಿದ್ದು ತಾನೇ. ಯಾರ್ಯಾರು ತೆನೆ ಆರಿಸಿದರೆಂದು ಜಿಲ್ಲೆಯಿಂದ ಬಂದವರು ಕೇಳಿದ್ದರು. ತನಗಿಂತ ಮೊದಲು ಬೇರೆಯವರು ಹೇಳಿದರೆ, ಮೇಸ್ತ್ರಿಗೆ ಗೊತ್ತಿದ್ದೂ ಮುಚ್ಚಿಟ್ಟಳೆಂದು ತನ್ನನ್ನೂ ಕರೆದೊಯ್ಯುತ್ತಾರೆಂಬ ಹೆದರಿಕೆ. ಒಂದು ಹೆಸರು ಕೊಟ್ಟರೆ ಸಾಕೆಂದುಕೊಂಡಿದ್ದಳು; ಗದರಿಸಿ ಬಿಡುತ್ತಾರೆ ಎಂದುಕೊಂಡಿದ್ದಳು. ಆಮೇಲೆ ಆ ಹುಡುಗ ಗಾಡಿಯ ಹಿಂದೆ ಓಡಿದ್ದನ್ನು ಕಂಡಳು. ಇಷ್ಟನ್ನು ಹೇಳುವಾಗ ಅವಳ ಮುಖದಲ್ಲಿ ಏನೂ ಕದಲಲಿಲ್ಲ.

"ಯಾರಿಗೂ ಹೇಳ್ಬೇಡ ಅಂತ ನಾನು ಕೇಳಲ್ಲ," ಎಂದಳು. "ಹೇಳೋದಿದ್ರೆ ಹೇಳು."

ಶಾರ್ಬಾನ್ ಯಾರಿಗೂ ಹೇಳಲಿಲ್ಲ. ಮೊದಮೊದಲು ಹೆದರಿಕೆಯಿಂದ. ಆಮೇಲೆ ಅದು ತನ್ನೊಳಗೇ ಗಂಟಾಗಿ ಕೂತುಬಿಟ್ಟಿತು, ಬಿಚ್ಚಲು ತುದಿ ಸಿಗಲಿಲ್ಲ. ಈ ಹೆಂಗಸು ಒಬ್ಬಳನ್ನು ಕಳಿಸಿದಳು, ಇನ್ನೊಬ್ಬಳನ್ನು ಉಳಿಸಿದಳು. ಉಳಿದವಳು ತಾನು.

ಯುದ್ಧ ಮುಗಿಯಿತು. ಶಾರ್ಬಾನಳ ಗಂಡ ಮರಳಲಿಲ್ಲ. ಕೈಶಾಳ ಇಬ್ಬರು ಮಕ್ಕಳಲ್ಲಿ ಒಬ್ಬ ಬಂದ. ಗೆದ್ದ ವರ್ಷ ಸೆರೆಯಲ್ಲಿದ್ದ ಕೆಲವರನ್ನು ಬಿಟ್ಟರು. ಅವರಲ್ಲಿ ಜುಪಾರಳೂ ಇದ್ದಳು. ತಲೆಗೂದಲು ಬೆಳ್ಳಗಾಗಿ, ಮುಂದಿನ ಹಲ್ಲು ಉದುರಿ, ಅವಳು ಗಿರಣಿಯ ದಾರಿಯಲ್ಲಿ ನಡೆದು ಬಂದಾಗ ಟೊಕ್ತಾರ್ ಗುರುತಿಸದೆ, ಯಾರನ್ನು ಹುಡುಕುತ್ತಿದ್ದೀರಿ ಅಪಾ ಎಂದು ಕೇಳಿದನಂತೆ. ಉಲ್ಬೋಸಿನ್ ಅಷ್ಟರಲ್ಲಿ ತೀರಿಕೊಂಡಿದ್ದಳು. ಹುಡುಗ ಶಾರ್ಬಾನಳ ಮನೆಯಲ್ಲೇ ಬೆಳೆಯುತ್ತಿದ್ದ. ತಾಯಿಯ ಜೊತೆ ಹೋಗಿ ಮಲಗಲು ಅವನು ಒಪ್ಪಿಕೊಳ್ಳುವವರೆಗೆ ಜುಪಾರಳೂ ಅದೇ ಮನೆಯಲ್ಲಿದ್ದಳು.

ಒಂದು ದಿನ ಇಬ್ಬರೂ ಉಣ್ಣೆ ಬಡಿಯುತ್ತ ಕೂತಿದ್ದಾಗ ಶಾರ್ಬಾನ್ ಚೆಂಡಿನ ಕಥೆ ಹೇಳಿದಳು. ಸೇಬು ಎಂದದ್ದನ್ನೂ ತಿಂದ್ವಿ ಎಂದದ್ದನ್ನೂ ಹೇಳಿದಳು. ಚೆಂಡು ತೇಲಿಹೋಯಿತೆಂದಳೇ ಹೊರತು ಅದು ಯಾರ ಕೈ ಸೇರಿತೆಂದು ಹೇಳಲಿಲ್ಲ. ಹೇಳುವಾಗ ತಾನು ಪಿಸುಗುಟ್ಟುತ್ತಿದ್ದೇನೆಂದು ಅವಳಿಗೇ ಗೊತ್ತಾಯಿತು. ಸುತ್ತ ಕುರಿಗಳನ್ನು ಬಿಟ್ಟರೆ ಯಾರೂ ಇರಲಿಲ್ಲ. ಜುಪಾರ್ ಕೋಲು ನಿಲ್ಲಿಸಿ, ಅವಳೂ ಅಷ್ಟೇ ಸಣ್ಣ ದನಿಯಲ್ಲಿ ಕೇಳಿದಳು:

"ನನ್ನ ಹೆಸರು ಹೇಳಿದ್ದು ಯಾರು ಅಂತ ನಿಂಗೆ ಗೊತ್ತಾ?"

ಶಾರ್ಬಾನ್ ಉಣ್ಣೆಯನ್ನು ತಿರುವಿ ಹಾಕಿದಳು. "ಗೊತ್ತಿಲ್ಲ," ಎಂದಳು.

ಜುಪಾರ್ ಬಹಳ ಹೊತ್ತು ಅವಳ ಮುಖವನ್ನೇ ನೋಡಿದಳು. "ಗೊತ್ತಿಲ್ದಿದ್ರೇ ಒಳ್ಳೇದು. ಗೊತ್ತಾದ್ರೆ ಈ ಊರಲ್ಲಿ ನಾನು ಬಾಳೋದು ಹ್ಯಾಗೆ?" ಎಂದು ಮತ್ತೆ ಕೋಲೆತ್ತಿಕೊಂಡಳು.

ಮುಂದೆ ಎಲ್ಲಿಂದಲೋ ಅಗ್ಗದ ರಬ್ಬರು ಬಂತು. ಕೊಕ್‌ಸಗಿಜ್ ಹೊಲಗಳನ್ನು ಉತ್ತು ಬಾರ್ಲಿ ಬಿತ್ತಿದರು. ಬೇರು ಯಾರಿಗೂ ಬೇಡವಾಯಿತು. ಶಾರ್ಬಾನ್ ಮುದುಕಿಯಾಗುವವರೆಗೂ ಕೂಸಿನ ಮನೆಯಲ್ಲೇ ಇದ್ದಳು. ಮಕ್ಕಳ ಜೊತೆ ಮಣ್ಣು ನಾದಿದಳು, ಬಟ್ಟೆಯ ಬೊಂಬೆ ಹೊಲಿದಳು, ಹಸುವಿನ ಉದುರುಗೂದಲು ಒದ್ದೆಮಾಡಿ ಉರುಳಿಸಿ ಚೆಂಡು ಮಾಡಿದಳು. ಬಾಗಿಲಲ್ಲಿ ಬೂಟಿನ ಸದ್ದಾದರೆ ಕೈಯಲ್ಲಿದ್ದದ್ದನ್ನು ಮಡಿಲಿಗೆ ಮರೆಮಾಡುವ ಅಭ್ಯಾಸ ಮಾತ್ರ ಹೋಗಲಿಲ್ಲ. ಮಕ್ಕಳು ಅದನ್ನು ಆಟವೆಂದುಕೊಂಡು ತಾವೂ ಮರೆಮಾಡುತ್ತಿದ್ದರು.

ಕೈಶಾ ಒಂದು ಮಾಗಿಯಲ್ಲಿ ತೀರಿಕೊಂಡಳು. ಹೆಣ ತೊಳೆಯಲು ಹತ್ತಿರದ ಹೆಂಗಸರನ್ನು ಕರೆದಾಗ ಜುಪಾರ್ ಯಾರೂ ಹೇಳುವ ಮೊದಲೇ ತೋಳು ಮಡಚಿಕೊಂಡು ಮುಂದೆ ಬಂದಳು. ನೀರು ಹುಯ್ಯುವುದು ಶಾರ್ಬಾನಳ ಪಾಲಿಗೆ ಬಂತು. ಜುಪಾರ್ ಒಣಕಲು ಕೈಗಳನ್ನು ಒಂದೊಂದಾಗಿ ಎತ್ತಿ, ಬೆರಳ ಸಂದಿಗಳನ್ನೂ ಬಿಡದೆ ತೊಳೆದಳು. ಅವಳಿಗೆ ಗೊತ್ತಿತ್ತೋ ಇಲ್ಲವೋ ಶಾರ್ಬಾನಳಿಗೆ ಕೊನೆಗೂ ತಿಳಿಯಲಿಲ್ಲ. ಹೂಜಿ ಓರೆಯಾಗಿ ನೀರು ಹಾಸಿನ ಮೇಲೆ ಚೆಲ್ಲಿತು.

"ನಿಧಾನಕ್ಕೆ ಹುಯ್ಯಿ," ಎಂದಳು ಜುಪಾರ್, ತಲೆಯೆತ್ತದೆ. "ಅವಸರ ಏನಿಲ್ಲ."